ದೊರೆಯ ಊಟದಲ್ಲಿ ಶಾರ್ಟೇಜ್

ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ ನನ್ನ ಅತ್ತೆ ನನ್ನನ್ನು ನಂಬಿ ಒಂದು ವಸ್ತುವನ್ನು ಒಪ್ಪಿಸಿದರು. ಆ ವಸ್ತು ಒಂದು ಬೆಕ್ಕು. ನಂಬಿ ಎಂದೆನಲ್ಲ, ಆ ಮಾತನ್ನು ಸ್ವಲ್ಪ ತಿದ್ದಬೇಕು. ಅವರು ನಂಬಿದ್ದು ತಮ್ಮ ಮಗಳನ್ನು. ಮಗಳಿರುವ ಮನೆಯಲ್ಲೇ ನಾನೂ ಇರುತ್ತೇನೆ ಎಂಬುದು ಅವರ ಪಾಲಿಗೆ ತಪ್ಪಿಸಲಾಗದ ಒಂದು ತೊಂದರೆ, ಅಷ್ಟೆ.

ಅವರ ದೊಡ್ಡ ಮಗಳಿಗೆ ಮಗು ಹುಟ್ಟಿತ್ತು. ಅತ್ತೆ ಮೂರು ವಾರ ಅಲ್ಲಿಗೆ ಹೋಗಿ ಇರಬೇಕಿತ್ತು, ಆ ಮನೆಯಲ್ಲಿ ಬೆಕ್ಕಿಗೆ ಪ್ರವೇಶವಿರಲಿಲ್ಲ. ಹೀಗಾಗಿ ಒಂದು ಸೋಮವಾರ ಬೆಳಿಗ್ಗೆ ಟ್ಯಾಕ್ಸಿಯಿಂದ ಮೊದಲು ಬುಟ್ಟಿ, ಆಮೇಲೆ ಎರಡು ಚೀಲ ಬೆಕ್ಕಿನ ತಿಂಡಿ, ಕೊನೆಗೆ ಅತ್ತೆ ಇಳಿದರು. ಬುಟ್ಟಿಯಿಂದ ದೊರೆ ಹೊರಗೆ ಬಂತು. ಬೂದು ಬಣ್ಣ, ಐದು ಕಿಲೋ ಎಂಟುನೂರು ಗ್ರಾಂ ತೂಕ, ಮೇಲಧಿಕಾರಿಯ ನಡಿಗೆ. ನಮ್ಮ ಎರಡು ಕೋಣೆಗಳನ್ನು ಒಂದು ಸುತ್ತು ನೋಡಿ, ನಾನು ದಿನಾ ಕೂರುವ ಕುರ್ಚಿಯನ್ನೇ ಆರಿಸಿಕೊಂಡಿತು. ಮಾವ ತೀರಿಕೊಂಡ ವರ್ಷ ಮರಿಯಾಗಿ ಬಂದದ್ದು ಅದು. ಒಂಬತ್ತು ವರ್ಷದಿಂದ ಅತ್ತೆ ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಅದರ ಹತ್ತಿರವೇ.

"ಅಳಿಯಂದ್ರೇ," ಎಂದರು ಅತ್ತೆ. ಅವರು ನನ್ನನ್ನು ಬಹುವಚನದಲ್ಲಿ ಕರೆದಾಗಲೆಲ್ಲ ನಾನು ಏಕವಚನದಷ್ಟು ಚಿಕ್ಕವನಾಗುತ್ತೇನೆ. "ದಿನಕ್ಕೆ ಅರವತ್ತು ಗ್ರಾಂ. ಬೆಳಿಗ್ಗೆ ಮೂವತ್ತು, ಸಾಯಂಕಾಲ ಮೂವತ್ತು. ಇದೇ ಕಂಪನಿದು. ಬೇರೆ ಕಂಪನಿದು ಒಂದು ಕಾಳು ಹೋದ್ರೂ ಇದರ ಹೊಟ್ಟೆ ಕೆಡುತ್ತೆ, ವಾಂತಿ ಶುರುವಾಗುತ್ತೆ. ನಂಗೆ ಇನ್ನೇನೂ ಬೇಡ. ಹೋಗೋವಾಗ ಹೇಗಿದೆಯೋ ಬರೋವಾಗ ಹಾಗೇ ಇರಬೇಕು."

"ನೀವು ಯೋಚನೆ ಮಾಡ್ಬೇಡಿ ಅತ್ತೆ. ನನ್ನ ಕೆಲಸಾನೇ ಅದು," ಎಂದೆ.

ಅದು ಸುಳ್ಳಲ್ಲ. ನಾನು ನೀರೆತ್ತುವ ಪಂಪು ಮಾಡುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಹತ್ತೊಂಬತ್ತು ವರ್ಷದಿಂದ ನಟ್ಟು, ಬೋಲ್ಟು, ಸ್ಕ್ರೂ, ವಾಷರುಗಳ ನಡುವೆ ಬದುಕುತ್ತಿದ್ದೇನೆ. ಮಾಲು ಬಂದಾಗ ಚಲನ್ನಿನಲ್ಲಿ ಬರೆದದ್ದು ಪೆಟ್ಟಿಗೆಯಲ್ಲಿ ಇದೆಯೋ ಇಲ್ಲವೋ ಎಂದು ಎಣಿಸಿ ನೋಡುವುದು, ಜಾತಿವಾರು ಬೇರೆ ಮಾಡಿ ಡಬ್ಬಿಗೆ ತುಂಬುವುದು, ಡಬ್ಬಿಗೆ ಚೀಟಿ ಕಟ್ಟುವುದು. ಕಡಿಮೆ ಬಂದಿದ್ದರೆ ಶಾರ್ಟೇಜ್ ಎಂದು ಕೆಂಪು ಶಾಯಿಯಲ್ಲಿ ಬರೆಯುವುದು. ನನ್ನ ಕಣ್ಣು ತಪ್ಪಿಸಿ ಒಂದು ವಾಷರ್ ಕೂಡ ಒಳಗೆ ಬಂದಿಲ್ಲ ಎಂಬುದು ನನ್ನ ಹೆಮ್ಮೆ. ನಮ್ಮ ಕಟ್ಟಡದಲ್ಲಿ ನನ್ನ ಹೆಸರೇ 'ಸ್ಟೋರ್' ಎಂದಾಗಿಹೋಗಿದೆ.

ಮೊದಲ ಆರು ದಿನ ಎಲ್ಲ ಸರಿಯಾಗಿತ್ತು. ಏಳನೆಯ ದಿನ ಭಾನುವಾರ. ಪೇಪರ್ ಓದಿ ಮುಗಿದಿತ್ತು. ಓದಲು ಬೇರೇನೂ ಸಿಗದೆ ನಾನು ಬೆಕ್ಕಿನ ತಿಂಡಿಯ ಚೀಲವನ್ನು ತಿರುಗಿಸಿ ಓದಿದೆ. ಅನಾಹುತಗಳೆಲ್ಲ ಬಿಡುವಿನ ದಿನವೇ ಶುರುವಾಗುತ್ತವೆ.

ಚೀಲದ ಹಿಂದೆ ಹೀಗಿತ್ತು: ಕೋಳಿಮಾಂಸ, ಅಕ್ಕಿ, ಮೆಕ್ಕೆಜೋಳ, ಮೀನಿನ ಪುಡಿ, ಒಣಗಿಸಿದ ತರಕಾರಿ, ಖನಿಜಗಳು, ವಿಟಮಿನ್ನುಗಳು. ಕೆಳಗೆ ಸಣ್ಣ ಅಕ್ಷರದಲ್ಲಿ, ಪದಾರ್ಥಗಳನ್ನು ತೂಕ ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಬರೆಯಲಾಗಿದೆ ಎಂದಿತ್ತು. ಅದರ ಪಕ್ಕದಲ್ಲಿ, ನೂರು ಪಾಲಿಗೆ ಪ್ರೋಟೀನು ಮೂವತ್ತೆರಡು, ಕೊಬ್ಬು ಹನ್ನೆರಡು, ನಾರು ನಾಲ್ಕು, ತೇವ ಹತ್ತು, ಬೂದಿ ಏಳು.

ನನ್ನ ಕಣ್ಣಿಗೆ ಇದು ಲೇಬಲ್ ಆಗಿ ಕಾಣಲಿಲ್ಲ. ಚಲನ್ ಆಗಿ ಕಂಡಿತು. ಹತ್ತೊಂಬತ್ತು ವರ್ಷದಲ್ಲಿ ಚಲನ್ ಓದಿ ಪೆಟ್ಟಿಗೆ ಬಿಚ್ಚದೆ ಸಹಿ ಹಾಕಿದವನಲ್ಲ ನಾನು. ಪೇಪರ್ ಹಾಸಿ ಚೀಲವನ್ನು ಸುರಿದೇಬಿಟ್ಟೆ.

ಪೇಪರಿನ ಮೇಲೆ ಬಿದ್ದದ್ದನ್ನು ನೋಡಿ ಇಷ್ಟು ದಿನ ಕಣ್ಣು ಮುಚ್ಚಿ ಹಾಕುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅದರಲ್ಲಿ ನಾಲ್ಕು ಜಾತಿ ಕಾಳುಗಳಿದ್ದವು. ಒಂದು ಮೀನಿನ ಆಕಾರದ್ದು. ಒಂದು ಕೋಳಿಕಾಲಿನ ಆಕಾರದ್ದು. ಒಂದು ನಡುವೆ ತೂತಿರುವ ಉಂಗುರ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ವಾಷರ್. ಇನ್ನೊಂದು ಹಸಿರು ಎಲೆ. ಯಾವುದು ಏನು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೀನು ಎಂದರೆ ಮೀನು. ಕಾಲು ಎಂದರೆ ಕೋಳಿ. ಎಲೆ ಎಂದರೆ ತರಕಾರಿ. ಉಳಿದ ವಾಷರ್ ಅಕ್ಕಿ-ಜೋಳದ್ದು. ಕಂಪನಿಯವರೇ ಇಷ್ಟು ಸ್ಪಷ್ಟವಾಗಿ ಗುರುತು ಹಾಕಿ ಕಳಿಸಿರುವಾಗ ಬೇರೆ ಮಾಡಿ ಎಣಿಸುವುದು ಎಷ್ಟರ ಕೆಲಸ?

ಬೆಳಿಗ್ಗೆ ಹತ್ತರಿಂದ ಸಾಯಂಕಾಲ ಐದೂವರೆಯವರೆಗಿನ ಕೆಲಸ.

"ರೀ," ಎಂದಳು ನನ್ನ ಹೆಂಡತಿ, ಮಧ್ಯಾಹ್ನ ಊಟಕ್ಕೆ ಕರೆಯಲು ಬಂದವಳು. "ಅಮ್ಮ ಹಾಕಿ ಅಂದಿದ್ದು. ಎಣಿಸಿ ಅಂದಿಲ್ಲ."

"ಸಾವಿರದ ನೂರಾ ಎಂಟು. ಮಾತಾಡಿಸ್ಬೇಡ ಕಣೇ."

"ಬೆಕ್ಕಿಗಿಲ್ಲದ ಅನುಮಾನ ನಿಮಗ್ಯಾಕ್ರೀ?"

ದೊರೆ ನನ್ನ ಕುರ್ಚಿಯ ಮೇಲಿಂದ ತನ್ನ ಊಟ ನೆಲದ ಮೇಲೆ ಗುಡ್ಡೆ ಗುಡ್ಡೆಯಾಗುವುದನ್ನು ನೋಡುತ್ತಿತ್ತು. ಅದು ಏನೂ ಹೇಳಲಿಲ್ಲ. ಮೇಲಧಿಕಾರಿಗಳು ಪರಿಶೀಲನೆಯ ವೇಳೆ ಮಾತಾಡುವುದಿಲ್ಲ.

ಕೊನೆಗೆ ಬಂದ ಲೆಕ್ಕ ಇದು. ಮೀನು ಏಳುನೂರ ಎರಡು. ಕೋಳಿಕಾಲು ಎಂಟುನೂರ ಹನ್ನೊಂದು. ವಾಷರ್ ಸಾವಿರದ ಐನೂರ ಮೂವತ್ತೆಂಟು. ಎಲೆ ಏಳುನೂರ ತೊಂಬತ್ತೈದು. ಮುರಿದ ಚೂರುಗಳು ಒಂದು ಚಮಚೆಯಷ್ಟು, ಜಾತಿ ಹೇಳಲಾಗದ್ದು. ಚಲನ್ನಿನಲ್ಲಿ ಕೋಳಿ ಮೊದಲು, ಪೆಟ್ಟಿಗೆಯಲ್ಲಿ ವಾಷರ್ ಮೊದಲು! ಕೋಳಿಯ ಹತ್ತಿರಹತ್ತಿರ ಎರಡರಷ್ಟು ಧಾನ್ಯ! ಮೇಲೆ ಏಳು ಪಾಲು ಬೂದಿ ಬೇರೆ, ಅದನ್ನು ಯಾವ ಕಾಳಿನಲ್ಲಿ ಬಚ್ಚಿಟ್ಟಿದ್ದಾರೋ. ಒಬ್ಬ ವಿಧವೆಯ ಒಂದೇ ಒಂದು ಬೆಕ್ಕಿಗೆ ಒಂಬತ್ತು ವರ್ಷದಿಂದ ಈ ಅನ್ಯಾಯ ನಡೆದಿತ್ತು, ಅದನ್ನು ಹಿಡಿದವನು ಅವರಿಗೆ ಕೆಲಸಕ್ಕೆ ಬಾರದ ಅಳಿಯ.

ಎರಡನೆಯ ಚೀಲವನ್ನೂ ಬಿಚ್ಚಿದೆ. ಸೋಮವಾರ, ಮಂಗಳವಾರ ಸಾಯಂಕಾಲಗಳು ಅದಕ್ಕೆ ಹೋದವು. ಅದೇ ಕಥೆ. ನಾನು ನಾಲ್ಕು ಪ್ಲಾಸ್ಟಿಕ್ ಡಬ್ಬಿ ತಂದೆ. ಸ್ಟೋರಿನಲ್ಲಿ ಇಡುವಂಥದ್ದು, ಬಾಯಿ ತೆರೆದದ್ದು, ಕೈ ಹಾಕಿ ತೆಗೆಯಲು ಅನುಕೂಲ. ಒಂದೊಂದಕ್ಕೂ ಚೀಟಿ ಕಟ್ಟಿ ಅಡುಗೆಮನೆಯ ಶೆಲ್ಫಿನಲ್ಲಿ ಸಾಲಾಗಿ ಇಟ್ಟೆ. ಅಂದಿನಿಂದ ದೊರೆಗೆ ಬರೀ ಕೋಳಿಕಾಲು ಮತ್ತು ಮೀನು. ತೂಕ ಅದೇ ಮೂವತ್ತು, ಮೂವತ್ತು. ಅತ್ತೆಯ ಮಾತು ಮೀರಿದ ಹಾಗೂ ಆಗಲಿಲ್ಲ, ಬೆಕ್ಕಿಗೆ ಹಬ್ಬದೂಟವೂ ಆಯಿತು ಎಂದುಕೊಂಡೆ.

ಇಂಥ ವಿಷಯ ನಾಲ್ಕು ಗೋಡೆಯೊಳಗೆ ನಿಲ್ಲುವುದಿಲ್ಲ. ನಿಲ್ಲದ ಹಾಗೆ ನಾನೇ ನೋಡಿಕೊಂಡೆ. ಮೆಟ್ಟಿಲ ಮೇಲೆ ಸಿಕ್ಕ ಮೇಷ್ಟ್ರಿಗೆ ಹೇಳಿದೆ. ಅವರು ನಮ್ಮ ಮೇಲಿನ ಮನೆಯವರು, ನಿವೃತ್ತ ವಿಜ್ಞಾನ ಮೇಷ್ಟ್ರು, ಒಂದು ಮುದಿ ಬೆಕ್ಕಿನ ಯಜಮಾನರು. ಅರ್ಧ ಗಂಟೆಯಲ್ಲಿ ತಮ್ಮ ಚೀಲ ಹಿಡಿದು ಬಂದರು. ಅವರ ಹಿಂದೆಯೇ ಕೆಳಮನೆಯ ಟೈಲರಮ್ಮ, ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಬಂದರು. ಅವರದು ಒಂದು ಕಡ್ಡಿಯಂಥ ಬೆಕ್ಕು.

ಮೇಷ್ಟ್ರ ಚೀಲದಲ್ಲಿ ಹೊಸ ಜಾತಿಯೊಂದು ಸಿಕ್ಕಿತು. ನಕ್ಷತ್ರ.

"ಇದೇನು ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ನಕ್ಷತ್ರವನ್ನು ಬೆಳಕಿಗೆ ಹಿಡಿದರು. ನಾವು ತಡೆಯುವುದರೊಳಗೆ ಬಾಯಿಗೆ ಹಾಕಿಕೊಂಡು ಕಟಕ್ಕೆಂದು ಕಡಿದರು.

"ಸ್ವಲ್ಪ ಹುಳಿ," ಎಂದರು ಕಣ್ಣು ಮುಚ್ಚಿ. "ವಿಟಮಿನ್ ಸಿ. ಅನುಮಾನಾನೇ ಇಲ್ಲ. ಮೂವತ್ತಾರು ವರ್ಷ ಪಾಠ ಮಾಡಿದ್ದೀನ್ರೀ."

"ಅಯ್ಯೋ ಮೇಷ್ಟ್ರೇ, ಬಾಯಿ ಮುಕ್ಕಳಿಸಿ," ಎಂದಳು ನನ್ನ ಹೆಂಡತಿ, ನೀರು ತಂದು.

"ವಿಜ್ಞಾನಕ್ಕೆ ಅಸಹ್ಯ ಇಲ್ಲಮ್ಮ," ಎಂದರು ಮೇಷ್ಟ್ರು. ಆದರೂ ಎರಡು ಲೋಟ ನೀರು ಕುಡಿದರು.

ಟೈಲರಮ್ಮನ ಚೀಲದಲ್ಲಿದ್ದದ್ದು ಒಂದೇ ಜಾತಿ. ಕಂದು ಬಣ್ಣದ ಗುಂಡು, ಅಷ್ಟೆ. ಮೀನಿಲ್ಲ, ಕಾಲಿಲ್ಲ, ಎಲೆಯಿಲ್ಲ. ನಾನೂ ಮೇಷ್ಟ್ರೂ ಮುಖ ಮುಖ ನೋಡಿಕೊಂಡೆವು.

"ಹೇಳೋಕೆ ಕಷ್ಟ ಆಗುತ್ತಮ್ಮ," ಎಂದೆ. "ಇದರಲ್ಲಿ ಏನೂ ಇಲ್ಲ."

"ಅದಕ್ಕೇ ಅಣ್ಣಾ ಅದು ಹಾಗೆ ಬಡಕಲಾಗಿರೋದು!" ಎಂದರು ಟೈಲರಮ್ಮ. ಅವರ ಕಣ್ಣಲ್ಲಿ ನೀರು ಬಂತು. "ನನ್ನ ಹೊಟ್ಟೆ ಉರೀತಿದೆ. ಎರಡು ವರ್ಷದಿಂದ ಬರೀ ಗುಂಡು ತಿನ್ನಿಸಿದ್ದೀನಿ."

ಅವರ ದುಃಖ ನೋಡಲಾರದೆ ನನ್ನ ವಾಷರುಗಳನ್ನೆಲ್ಲ ಅವರಿಗೆ ಕೊಟ್ಟೆ. ಬಡಕಲು ಪ್ರಾಣಿಗೆ ಧಾನ್ಯ ಒಳ್ಳೆಯದು ಎಂದು ಮೇಷ್ಟ್ರು ಅನುಮೋದಿಸಿದರು. ಎಲೆಗಳು ಮೇಷ್ಟ್ರಿಗೆ ಹೋದವು, ಅವರ ಮುದಿ ಬೆಕ್ಕಿಗೆ ಮಲಬದ್ಧತೆ, ಅದಕ್ಕೆ ನಾರು ಬೇಕು. ಪ್ರತಿಯಾಗಿ ಅವರು ಒಂದು ಹಿಡಿ ನಕ್ಷತ್ರ ಕೊಡಲು ಬಂದರು. ದೊರೆಗೆ ವಿಟಮಿನ್ ಸಿಗುವುದಾದರೆ ಸಿಗಲಿ ಎಂದು ನನ್ನ ಕೈ ಮುಂದೆ ಹೋದದ್ದು ನಿಜ. ಆದರೆ ಒಂದು ಕಂಪನಿಯ ಬೋಲ್ಟಿಗೆ ಇನ್ನೊಂದು ಕಂಪನಿಯ ನಟ್ಟು ಹಾಕಬಾರದು ಎಂಬುದು ನಮ್ಮ ಸ್ಟೋರಿನ ಮೊದಲ ಪಾಠ. ಕೈ ಹಿಂದಕ್ಕೆ ತೆಗೆದುಕೊಂಡೆ.

ಶನಿವಾರ ಅಂಗಡಿಗೆ ಹೋದೆ. ಒಬ್ಬನೇ ಹೋಗಲಿಲ್ಲ, ಮೇಷ್ಟ್ರೂ ಬಂದರು. ಟೈಲರಮ್ಮ ಅರ್ಧ ಹೊಲಿದ ಬಟ್ಟೆ ಬಿಟ್ಟು ಬಂದರು. ನನ್ನ ಕೈಯಲ್ಲಿ ಒಂದು ಫೈಲು, ಅದರಲ್ಲಿ 'ಮಾಲು ಪರಿಶೀಲನಾ ವರದಿ', ಶಾರ್ಟೇಜ್ ಎಂಬುದರ ಕೆಳಗೆ ಎರಡು ಕೆಂಪು ಗೆರೆ. ಅಂಗಡಿಯವನು ಸಾಕುಪ್ರಾಣಿಗಳ ಸಾಮಾನು ಮಾರುವ ಸಾಧು ಮನುಷ್ಯ. ವರದಿಯನ್ನು ಎರಡು ಸಲ ಓದಿದ.

"ಸರ್, ನೀವು ಇದನ್ನ ಎಣಿಸಿದ್ರಾ?"

"ಒಂದೊಂದು ಕಾಳನ್ನೂ."

"ಒಬ್ರೇನಾ?"

"ಅದು ಮುಖ್ಯ ಅಲ್ಲ. ಕೋಳಿ ಎಲ್ಲಿ ಹೋಯ್ತು ಅಂತ ಹೇಳಿ."

ಅವನು ಚೀಲದ ಮುಂಭಾಗ ನೋಡಿದ, ಹಿಂಭಾಗ ನೋಡಿದ, ನನ್ನ ಮುಖ ನೋಡಿದ. "ಚೀಲ ಹೇಗೆ ಬರುತ್ತೋ ಹಾಗೇ ಮಾರ್ತೀನಿ ಸರ್. ನಾನು ಒಂದು ಕಾಳೂ ಮುಟ್ಟಿಲ್ಲ," ಎಂದ. ಪಾಪ, ಕೋಳಿ ಕದ್ದ ಆರೋಪ ಅವನ ಮೇಲೆ ಅದುವರೆಗೆ ಯಾರೂ ಹೊರಿಸಿರಲಿಲ್ಲ.

"ಬೂದಿ ಹಾಕ್ತಾರಂತಲ್ರೀ! ಒಲೆ ಬೂದಿ!" ಎಂದರು ಟೈಲರಮ್ಮ ಬೀದಿಗೆಲ್ಲ ಕೇಳುವ ಹಾಗೆ. ನಾಯಿಯ ಬೆಲ್ಟು ಕೊಳ್ಳಲು ಬಂದಿದ್ದ ಒಬ್ಬರು ಬೆಲ್ಟನ್ನು ಕೆಳಗಿಟ್ಟು ಹೊರಟೇಹೋದರು. ಮೇಷ್ಟ್ರು ಮೇಜು ತಟ್ಟಿ, "ನಕ್ಷತ್ರದಲ್ಲಿ ಮಾತ್ರ ಮೋಸ ಇಲ್ಲ. ನಾನು ತಿಂದು ನೋಡಿದ್ದೀನಿ," ಎಂದರು. ಅಂಗಡಿಯವನು ಅವರಿಗೆ ಕೂರಲು ಸ್ಟೂಲು ಕೊಟ್ಟ. ಕಂಪನಿಗೆ ದೂರು ಬರೆಯುತ್ತೇನೆ, ಇನ್ನು ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿ ನಾನು ಗಂಭೀರವಾಗಿ ಇಳಿದು ಬಂದೆ. ಆ ಅಂಗಡಿಗೆ ಇದ್ದದ್ದು ಒಂದೇ ಮೆಟ್ಟಿಲು, ಆದರೂ ಇಳಿದದ್ದು ಚೆನ್ನಾಗಿ ಕಂಡಿತು ಎಂದು ಮೇಷ್ಟ್ರು ಆಮೇಲೆ ಹೇಳಿದರು.

ಮೂರನೆಯ ವಾರ ಶುರುವಾಯಿತು. ಗುರುವಾರ ಬೆಳಿಗ್ಗೆ ದೊರೆ ತಟ್ಟೆಯ ಹತ್ತಿರ ಬಂತು, ಮೂಸಿತು, ನನ್ನನ್ನು ಒಮ್ಮೆ ನೋಡಿತು, ತಿರುಗಿ ಹೋಯಿತು. ಹಸಿವಿಲ್ಲವೇನೋ ಎಂದುಕೊಂಡೆ. ಸಾಯಂಕಾಲವೂ ಮುಟ್ಟಲಿಲ್ಲ. ಶುಕ್ರವಾರ ಬೆಳಿಗ್ಗೆ ಮಂಚದ ಕೆಳಗೆ ಸೇರಿಕೊಂಡಿತು, ಕರೆದರೂ ಬರಲಿಲ್ಲ. ನನ್ನ ಕುರ್ಚಿ ಹತ್ತೊಂಬತ್ತು ದಿನದ ಮೇಲೆ ಖಾಲಿಯಾಯಿತು. ಕೂರಲು ಮನಸ್ಸಾಗಲಿಲ್ಲ.

"ಅಮ್ಮ ಭಾನುವಾರ ಬರ್ತಾಳೆ," ಎಂದಳು ಹೆಂಡತಿ. ಅವಳು ಬೈಯಲಿಲ್ಲ. ಬೈಯುವುದನ್ನೂ ಬಿಟ್ಟಿದ್ದಾಳೆ ಎಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ.

"ಬರೀ ಮಾಂಸ ಕೊಟ್ಟು ಕೊಟ್ಟು ಏನಾದ್ರೂ ಆಗಿರಬಹುದಾ?"

"ನೀವೇ ಹೇಳ್ಬೇಕು. ಲೆಕ್ಕ ನಿಮ್ಮ ಹತ್ರ ಇದೆ."

ಮೇಷ್ಟ್ರನ್ನು ಕರೆದೆ. ಅವರು ಮಂಚದ ಕೆಳಗೆ ಬಗ್ಗಿ ನೋಡಿ, ಎದ್ದು ಮೊಣಕಾಲು ಒರೆಸಿಕೊಂಡು, "ಪ್ರೋಟೀನ್ ಜಾಸ್ತಿಯಾದ್ರೆ ಮೂತ್ರಪಿಂಡಕ್ಕೆ ಹೊರೆ," ಎಂದರು. "ಅದಕ್ಕೇ ನಾನು ಹೇಳಿದ್ದೆ, ಸಮತೋಲನ ಬೇಕು ಅಂತ." ಅವರು ಹಾಗೆ ಯಾವತ್ತೂ ಹೇಳಿರಲಿಲ್ಲ. ಟೈಲರಮ್ಮ ಬಾಗಿಲಲ್ಲೇ ನಿಂತು, "ನನ್ನ ಚಿಕ್ಕಮ್ಮನ ಬೆಕ್ಕೂ ಹೀಗೇ ಮಂಚದ ಕೆಳಗೆ ಹೋಗಿತ್ತು ಅಣ್ಣಾ," ಎಂದು ಶುರು ಮಾಡಿದರು. ಮುಂದೆ ಏನಾಯಿತೆಂದು ನಾನು ಕೇಳಲಿಲ್ಲ. ಅತ್ತೆ ಟ್ಯಾಕ್ಸಿಯಿಂದ ಇಳಿದು 'ದೊರೇ' ಎಂದು ಕರೆಯುವುದು, ಮನೆಯೊಳಗಿಂದ ಏನೂ ಬಾರದಿರುವುದು, ಎರಡೂ ಕಣ್ಣೆದುರು ಬಂದವು. ಅವರು ನನ್ನನ್ನು ಬೈದರೆ ಸಹಿಸಬಹುದಿತ್ತು. ಬೈಯದೆ ಖಾಲಿ ಬುಟ್ಟಿ ಹಿಡಿದು ಹೊರಟರೆ ನಾನೇನು ಮಾಡಲಿ?

ಕಾರ್ಖಾನೆಗೆ ರಜೆ ಹೇಳಿ, ದೊರೆಯನ್ನು ಬುಟ್ಟಿಗೆ ಹಾಕಿಕೊಂಡು, ಎರಡು ಡಬ್ಬಿ ಕಾಳು ಮತ್ತು ಫೈಲು ಹಿಡಿದು ಪ್ರಾಣಿಗಳ ಆಸ್ಪತ್ರೆಗೆ ಓಡಿದೆ. ಹೆಂಡತಿ ಜೊತೆಗಿದ್ದಳು. ಟೈಲರಮ್ಮನಿಗೆ ಕೊಟ್ಟ ಮೇಲೂ ಡಬ್ಬಿಯ ತಳದಲ್ಲಿ ಉಳಿದಿದ್ದ ಒಂದಿಷ್ಟು ವಾಷರನ್ನೂ ಪೊಟ್ಟಣ ಕಟ್ಟಿ ತಂದಿದ್ದಳು, ಡಾಕ್ಟರು ಕೇಳಿದರೆ ಇರಲಿ ಎಂದು.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮುಖ ಮಾತ್ರ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರದ್ದು. ದೊರೆಯ ಒಸಡು ನೋಡಿದರು, ಹೊಟ್ಟೆ ಒತ್ತಿದರು, ಜ್ವರ ನೋಡಿದರು. ತಕ್ಕಡಿಯ ಮೇಲೆ ಕೂರಿಸಿ, ಬುಟ್ಟಿಯಲ್ಲಿ ಅತ್ತೆ ಇಟ್ಟಿದ್ದ ಹಳೇ ಆಸ್ಪತ್ರೆ ಚೀಟಿಯ ಜೊತೆ ತೂಕ ಹೋಲಿಸಿದರು.

"ಯಾವಾಗಿಂದ ತಿಂದಿಲ್ಲ?"

"ನಿನ್ನೆ ಬೆಳಿಗ್ಗೆಯಿಂದ ಡಾಕ್ಟ್ರೇ."

"ಬೆಕ್ಕು ಎರಡು-ಮೂರು ದಿನ ಉಪವಾಸ ಬಿದ್ರೆ ಲಿವರಿಗೇ ತೊಂದರೆ ಆಗುತ್ತೆ. ಬೇಗ ಬಂದಿದ್ದೀರಿ. ಊಟ ಏನಾದ್ರೂ ಬದಲಾಯಿಸಿದ್ರಾ?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಗೋಡೆಯ ಮೇಲಿದ್ದ ನಾಯಿಯ ಚಿತ್ರ ನೋಡುತ್ತಿದ್ದಳು. ಬೇರೆ ದಾರಿಯಿಲ್ಲದೆ ಫೈಲನ್ನು ಮುಂದಿಟ್ಟೆ. ಎಲ್ಲ ಹೇಳಿದೆ. ಕೋಳಿಯ ಶಾರ್ಟೇಜ್, ವಾಷರುಗಳ ಹೆಚ್ಚಳ, ನಾರಿನ ವಿಲೇವಾರಿ, ಬೂದಿಯ ಅನುಮಾನ, ಒಂದನ್ನೂ ಮುಚ್ಚಿಡಲಿಲ್ಲ. ತಪ್ಪು ಒಪ್ಪಿಕೊಳ್ಳುವಾಗ ಅಂಕಿ-ಅಂಶ ಸರಿಯಾಗಿರಬೇಕು ಎಂಬುದೂ ನಮ್ಮ ಸ್ಟೋರಿನ ಪದ್ಧತಿಯೇ.

ಡಾಕ್ಟರಮ್ಮ ವರದಿಯ ಮೊದಲ ಪುಟ ಓದಿದರು. ಎರಡನೆಯ ಪುಟ ಓದುವಾಗ ಅವರ ಭುಜ ಅಲುಗಿದಂತೆ ಕಂಡಿತು. ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದರು. ಪರಿಸ್ಥಿತಿ ಅಷ್ಟು ಗಂಭೀರವೇ ಎಂದು ನಾನು ದೊರೆಯ ಬೆನ್ನ ಮೇಲೆ ಕೈಯಿಟ್ಟೆ.

"ನೋಡಿ," ಎಂದರು ಫೈಲು ಇಳಿಸಿ. ಕಣ್ಣು ಒದ್ದೆಯಾಗಿತ್ತು. "ಕಣ್ಣು ಮುಚ್ಚಿ. ಕೈ ಚಾಚಿ."

ಮಾತ್ರೆ ಅರೆಯುವ ಸಣ್ಣ ಕಲ್ಲಿನಲ್ಲಿ ಏನೋ ಪುಡಿಯಾದ ಸದ್ದು ಕೇಳಿತು. ನನ್ನ ಎರಡು ಅಂಗೈಗೆ ಎರಡು ಚಿಟಿಕೆ ಪುಡಿ ಬಿತ್ತು.

"ಮೂಸಿ ನೋಡಿ. ಯಾವುದು ಮೀನು, ಯಾವುದು ವಾಷರ್?"

ಎಡಗೈ ಮೂಸಿದೆ. ಬಲಗೈ ಮೂಸಿದೆ. ಮತ್ತೆ ಎಡಗೈ ಮೂಸಿದೆ. ಹತ್ತೊಂಬತ್ತು ವರ್ಷದ ಅನುಭವವನ್ನೆಲ್ಲ ಮೂಗಿಗೆ ತಂದುಕೊಂಡೆ. "ಎಡಗಡೇದು ಮೀನು," ಎಂದೆ.

"ಎರಡೂ ಕೋಳಿಕಾಲು," ಎಂದರು ಡಾಕ್ಟರಮ್ಮ. "ಈಗ ಇದು ಮೀನು, ಇದು ವಾಷರ್. ಕಣ್ಣು ಬಿಟ್ಟೇ ನೋಡಿ."

ಅವೂ ಅದೇ ಕಂದು, ಅದೇ ವಾಸನೆ.

"ಎಲ್ಲಾ ಒಂದೇ ಹಿಟ್ಟು. ಕೋಳಿ, ಅಕ್ಕಿ, ಜೋಳ, ಮೀನು, ಎಲ್ಲಾನೂ ಒಟ್ಟಿಗೆ ರುಬ್ಬಿ ಒಂದೇ ಕಣಕ ಮಾಡ್ತಾರೆ. ಆಮೇಲೆ ನಾಲ್ಕು ಅಚ್ಚಿನಲ್ಲಿ ಒತ್ತುತ್ತಾರೆ. ಎಲೆಗೆ ಮೇಲೆ ಸ್ವಲ್ಪ ಹಸಿರು ಬಣ್ಣ, ಅಷ್ಟೇ. ಒಂದೊಂದು ಕಾಳಲ್ಲೂ ಎಲ್ಲಾ ಇರುತ್ತೆ."

"ಹಾಗಾದ್ರೆ ಆಕಾರ ಯಾಕೆ ಡಾಕ್ಟ್ರೇ?"

"ಬೆಕ್ಕು ಅಂಗಡಿಗೆ ಹೋಗುತ್ತಾ? ನೀವು ಹೋಗ್ತೀರಿ."

"ಮತ್ತೆ ಬೂದಿ?"

"ಬೂದಿ ಯಾರೂ ಹಾಕಲ್ಲ. ಲ್ಯಾಬಲ್ಲಿ ಅದನ್ನ ಸುಟ್ಟರೆ ಉಳಿಯೋ ಖನಿಜದ ಅಳತೆ ಅದು. ನೀವು ತಿನ್ನೋ ರೊಟ್ಟಿ ಸುಟ್ಟರೂ ಉಳಿಯುತ್ತೆ. ಚೀಲದ ಹಿಂದೆ ನೋಡಬೇಕಾದ್ದು ನೋಡಿ. ಮೊದಲ ಹೆಸರು ಮಾಂಸದ್ದಾ, ಅದು ಸರಿ. ಆದ್ರೆ ಹಸಿ ಮಾಂಸ ಅಂದ್ರೆ ಅದರಲ್ಲಿ ನೀರಿನ ತೂಕಾನೂ ಸೇರಿರುತ್ತೆ. ಹಿಂದೇನೇ ಅಕ್ಕಿ, ಜೋಳ ಬಂದ್ರೆ ಅವೆರಡನ್ನೂ ಕೂಡಿಸಿ ನೋಡಿ. ಪ್ರೋಟೀನ್ ಎಷ್ಟು, ಬೆಕ್ಕಿನ ವಯಸ್ಸಿಗೆ ಪೂರ್ಣ ಆಹಾರ ಅಂತ ಬರೆದಿದ್ದಾರಾ, ಅದು ನೋಡಿ. ನಿಮ್ಮದು ತೀರಾ ಉತ್ತಮ ಅಲ್ಲ, ಕೆಟ್ಟದ್ದೂ ಅಲ್ಲ. ಇದರ ಹೊಟ್ಟೆಗೆ ಒಗ್ಗಿದೆ, ಅದು ಮುಖ್ಯ. ಬೇರೆ ಕಂಪನಿದು ಏನಾದ್ರೂ ಬೆರೆಸಿದ್ರಾ?"

"ಇಲ್ಲ ಡಾಕ್ಟ್ರೇ! ಒಂದು ಕಂಪನಿ ಬೋಲ್ಟಿಗೆ..."

"ಬೆರೆಸಿಲ್ಲ ಡಾಕ್ಟ್ರೇ," ಎಂದಳು ಹೆಂಡತಿ.

"ಒಳ್ಳೇದಾಯ್ತು. ಅಂದ್ರೆ ನೀವು ಇಷ್ಟು ದಿನ ಏನೇನು ಮಾಡಿದ್ರೋ, ಅದರಿಂದ ಏನೂ ಆಗಿಲ್ಲ."

ಇದಕ್ಕಿಂತ ಅವಮಾನದ ಮಾತನ್ನು ನನ್ನ ಕೆಲಸದ ಬಗ್ಗೆ ಯಾರೂ ಆಡಿಲ್ಲ. ಇದಕ್ಕಿಂತ ಹಿತವಾದ ಮಾತನ್ನೂ ನಾನು ಕೇಳಿಲ್ಲ. ಏನೂ ಆಗಿಲ್ಲ! ಎದೆಯ ಮೇಲಿಂದ ಯಾರೋ ಪಂಪಿನ ಪೆಟ್ಟಿಗೆ ಇಳಿಸಿದಂತಾಯಿತು. ಖುಷಿಗೆ ಡಾಕ್ಟರಮ್ಮನ ಕೈ ಕುಲುಕಿಬಿಟ್ಟೆ. ನನ್ನ ಕೈಯಲ್ಲಿ ಇನ್ನೂ ಪುಡಿಯಿತ್ತು.

"ಹಾಗಾದ್ರೆ ಯಾಕೆ ತಿಂತಿಲ್ಲ?" ಎಂದು ಹೆಂಡತಿ ಕೇಳಿದಳು. ಅವಳು ನನ್ನಷ್ಟು ಬೇಗ ಹಿಗ್ಗುವವಳಲ್ಲ.

ಡಾಕ್ಟರಮ್ಮ ಡಬ್ಬಿಯಿಂದ ಒಂದು ಕಾಳು ತೆಗೆದು ಎರಡು ಬೆರಳಲ್ಲಿ ಒತ್ತಿದರು. ಅದು ಮುರಿಯಲಿಲ್ಲ, ಬಾಗಿತು. "ಇದನ್ನ ಹೀಗೇ ತೆರೆದಿಟ್ಟಿದ್ರಾ?"

"ಸ್ಟೋರಲ್ಲಿ ಹೀಗೇ ಇಡೋದು. ಕೈಗೆ ಸಿಗೋ ಹಾಗೆ."

"ಬೋಲ್ಟು ಮೆತ್ತಗಾಗಲ್ಲ, ಇದು ಆಗುತ್ತೆ. ಗಾಳಿಗೆ ವಾಸನೆ ಹೋಗಿದೆ, ಕೊಬ್ಬು ಕಮಟು ಬಂದಿದೆ. ಇವನು ಬೇಡ ಅಂದಿದ್ದು ಸರಿಯಾಗೇ ಇದೆ. ಹೊಟ್ಟೆ ಚೆನ್ನಾಗಿದೆ, ಜ್ವರ ಇಲ್ಲ, ತೂಕ ಹಳೇ ಚೀಟೀಲಿ ಇರೋವಷ್ಟೇ ಇದೆ. ಇದನ್ನೆಲ್ಲ ಎಸೀರಿ. ಇದೇ ಕಂಪನಿಯ ಹೊಸ ಚೀಲ ಒಡೆದು ಹಾಕಿ. ಈ ಸಾಯಂಕಾಲವೂ ತಿನ್ನದಿದ್ರೆ ಫೋನ್ ಮಾಡಿ."

ಇದೇ ಕಂಪನಿಯ ಹೊಸ ಚೀಲ ನಮ್ಮ ಸುತ್ತಮುತ್ತ ಸಿಗುವುದು ಒಂದೇ ಅಂಗಡಿಯಲ್ಲಿ. ಅದರ ಮೆಟ್ಟಿಲನ್ನು ಇನ್ನು ಹತ್ತುವುದಿಲ್ಲ ಎಂದು ನಾನು ಹೇಳಿ ಇನ್ನೂ ಒಂದು ವಾರವಾಗಿರಲಿಲ್ಲ. ಹೆಂಡತಿಯನ್ನು ಕಳಿಸೋಣವೆಂದರೆ ಅವಳು ಬುಟ್ಟಿ ತಬ್ಬಿಕೊಂಡು, "ನೀವೇ ಹೋಗಿ. ಸಂಸಾರದಲ್ಲಿ ಒಬ್ಬರಾದ್ರೂ ಆ ಅಂಗಡೀಲಿ ಮರ್ಯಾದೆ ಉಳಿಸ್ಕೋಬೇಕು," ಎಂದಳು. ಹತ್ತಿದೆ. ಒಂದೇ ಮೆಟ್ಟಿಲು ಅಷ್ಟು ಎತ್ತರವಿರುತ್ತದೆಂದು ಇಳಿದಾಗ ತಿಳಿದಿರಲಿಲ್ಲ.

ಅಂಗಡಿಯವನು ನನ್ನನ್ನು ನೋಡಿದ. ಚೀಲ ತೆಗೆದು ಮೇಜಿನ ಮೇಲಿಟ್ಟ. ಧೂಳು ಒರೆಸಿದ.

"ಸರ್," ಎಂದ ವಿನಯದಿಂದ, "ಎಣಿಸಿ ಕೊಡ್ಲಾ?"

ನಾನು ಕ್ಷಮೆ ಕೇಳಿದೆ. ಎಲ್ಲ ಒಂದೇ ಹಿಟ್ಟು ಎಂದೆ. ಅವನು ಬಾಯಿ ತೆರೆದು ನಿಂತ. "ನಿಜವಾ ಸರ್? ನಾನೂ ಮೀನು ಅಂದ್ರೆ ಮೀನು ಅಂತಾನೇ ತಿಳಿದಿದ್ದೆ. ನಿಮ್ಮ ವರದಿ ಓದಿದ ಮೇಲೆ ನಾನೂ ಒಂದು ಚೀಲ ಬಿಚ್ಚಿ ಎಣಿಸೋಕೆ ಕೂತಿದ್ದೆ, ಮುನ್ನೂರಕ್ಕೆ ಲೆಕ್ಕ ತಪ್ಪಿಹೋಯ್ತು." ನನಗೆ ಅವನ ಮೇಲೆ ಪ್ರೀತಿ ಉಕ್ಕಿತು.

ಮನೆಯಲ್ಲಿ ಹೊಸ ಚೀಲ ಒಡೆದಾಗ ಬಂದ ಸದ್ದಿಗೇ ದೊರೆ ಮಂಚದ ಕೆಳಗಿಂದ ಎದ್ದು ಬಂತು. ಮೂವತ್ತು ಗ್ರಾಂ ತೂಗಿ ಹಾಕಿದೆ. ಮೀನು, ಕಾಲು, ವಾಷರ್, ಎಲೆ, ಎಲ್ಲ ಬೆರೆತದ್ದು. ಅದು ತಟ್ಟೆಗೆ ಮುಖವಿಟ್ಟು ಕಟಕಟನೆ ತಿನ್ನುವ ಸದ್ದು ಕೇಳುತ್ತ ನಾನೂ ಹೆಂಡತಿಯೂ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆವು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ನಾನು ಮಾತ್ರ ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ದೊರೆ ತಟ್ಟೆ ನೆಕ್ಕಿ, ಮೀಸೆ ಒರೆಸಿಕೊಂಡು, ನೇರವಾಗಿ ಹೋಗಿ ನನ್ನ ಕುರ್ಚಿ ಹತ್ತಿತು. ಹತ್ತಲಿ, ಅದರದ್ದೇ ಕುರ್ಚಿ.

ಡಬ್ಬಿಗಳ ಮಾಲನ್ನೆಲ್ಲ ಅಂದೇ ಎಸೆದೆ. ವರದಿಯನ್ನು ಹರಿದೆ. ನೆರೆಹೊರೆಯವರಿಗೆ ನಿಜ ಹೇಳುವುದು ಮಾತ್ರ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು,

"ಮೀನು, ಕಾಲು, ಒಪ್ಪಿದೆ. ನಕ್ಷತ್ರದ ವಿಷಯ ಬೇರೆ," ಎಂದರು. ಟೈಲರಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. "ಡಾಕ್ಟರು ಏನಾದ್ರೂ ಹೇಳ್ಲಿ ಅಣ್ಣಾ. ನಿಮ್ಮ ವಾಷರ್ ತಿಂದು ನನ್ನದು ಮೈ ತುಂಬ್ಕೊಂಡಿದೆ, ಬಂದು ನೋಡಿ." ನೋಡಿದೆ. ನಿಜವಾಗಿ ತುಂಬಿಕೊಂಡಿತ್ತು. ತನ್ನ ಗುಂಡಿನ ಮೇಲೆ ನನ್ನ ಎರಡು ಚೀಲದ ವಾಷರನ್ನು ಹೆಚ್ಚಿಗೆ ತಿಂದ ಬೆಕ್ಕು ಇನ್ನೇನಾಗಬೇಕು?

ಭಾನುವಾರ ಟ್ಯಾಕ್ಸಿ ನಿಂತ ಸದ್ದಾಯಿತು. ಅತ್ತೆ ಚಪ್ಪಲಿ ಬಿಡುವುದಕ್ಕೆ ಮೊದಲೇ "ದೊರೇ" ಎಂದರು. ದೊರೆ ಕುರ್ಚಿಯಿಂದ ಧುಮುಕಿ ಬಾಲ ನೆಟ್ಟಗೆ ಮಾಡಿ ಓಡಿತು. ಅತ್ತೆ ಎರಡು ಕೈಯಲ್ಲಿ ಎತ್ತಿ, ತಕ್ಕಡಿಯ ಹಾಗೆ ಒಮ್ಮೆ ಮೇಲೆ ಕೆಳಗೆ ಮಾಡಿ, ಮುಖಕ್ಕೆ ಮುಖ ಒತ್ತಿಕೊಂಡರು. ಅವರ ಮುಖದಲ್ಲಿ ಅಷ್ಟು ಹಗುರವನ್ನು ನಾನು ಹಿಂದೆ ನೋಡಿರಲಿಲ್ಲ. ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಳ್ಳಬೇಕು ಎಂದು ರಾತ್ರಿಯೇ ನಿರ್ಧರಿಸಿದ್ದೆ. ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆಯ ಕಣ್ಣು ದೊರೆಯ ತಟ್ಟೆಯ ಮೇಲೆ ಬಿತ್ತು. ಬಗ್ಗಿ ನೋಡಿದರು. ಮುಖ ಗಂಟಿಕ್ಕಿತು. ತಟ್ಟೆಯಿಂದ ಒಂದು ಕಾಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಹಸಿರು ಎಲೆ.

"ಅಳಿಯಂದ್ರೇ, ಇದೇನಿದು?"

"ಅದು... ಎಲೆ ಅತ್ತೆ."

"ಎಲೆ ಅಂತ ನಂಗೂ ಕಾಣುತ್ತೆ. ಆರಿಸಿ ತೆಗೆದಿಲ್ವಾ?" ಎಂದವರು ಕೂಡಲೇ ತಲೆ ಚಚ್ಚಿಕೊಂಡರು. "ಅಯ್ಯೋ, ತಪ್ಪು ನಂದೇ. ಹೊರಡೋ ಗಡಿಬಿಡೀಲಿ ಹೇಳೋದೇ ಮರೆತೆ. ಸೊಪ್ಪು ಇವನಿಗೆ ಆಗಲ್ಲ. ಒಂಬತ್ತು ವರ್ಷದಿಂದ ನಾನೇ ಕೂತು ಒಂದೊಂದಾಗಿ ಆರಿಸಿ ತೆಗೀತೀನಿ. ಬೆಕ್ಕು ಎಲ್ಲಾದ್ರೂ ಸೊಪ್ಪು ತಿನ್ನುತ್ತಾ?"

ನನ್ನ ಹೆಂಡತಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿ ಒಂದು ಪಾತ್ರೆ ಬಿತ್ತು. ಅತ್ತೆ ಅದನ್ನು ಲೆಕ್ಕಿಸದೆ ಪೇಪರ್ ಹಾಸಿ ಹೊಸ ಚೀಲವನ್ನು ಸುರಿದು ಕಾಲು ಮಡಚಿ ಕೂತರು. ಕನ್ನಡಕ ಹಾಕಿಕೊಂಡು ಎಲೆ ಹೆಕ್ಕಲು ಶುರು ಮಾಡಿದರು.

ನಾನು ಒಂದು ನಿಮಿಷ ನಿಂತೆ. ಆಮೇಲೆ ಅವರ ಎದುರಿಗೆ ಕೂತು ಕೈ ಹಾಕಿದೆ. ಎಲೆ ಒಂದು ಕಡೆ, ಮಿಕ್ಕಿದ್ದು ಒಂದು ಕಡೆ. ಅಭ್ಯಾಸವಿತ್ತಲ್ಲ, ಅವರು ಒಂದು ತೆಗೆಯುವಷ್ಟರಲ್ಲಿ ನಾನು ನಾಲ್ಕು ತೆಗೆಯುತ್ತಿದ್ದೆ. ಅತ್ತೆ ಸ್ವಲ್ಪ ಹೊತ್ತು ನನ್ನ ಬೆರಳುಗಳನ್ನೇ ನೋಡಿದರು. ಕನ್ನಡಕ ತೆಗೆದು, ನನ್ನ ಮುಖವನ್ನೂ ನೋಡಿದರು.

"ಪರವಾಗಿಲ್ಲ ಕಣಪ್ಪ ನೀನು," ಎಂದರು.

ಹನ್ನೊಂದು ವರ್ಷದಲ್ಲಿ ಮೊದಲ ಏಕವಚನ. ಒಂದೇ ಹಿಟ್ಟು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಮುಂದಿನ ಎಲೆಗೆ ಕೈ ಹಾಕಿದೆ.